ಎಣ್ಣೆ ಅಗ್ಗವಾಯಿತಲ್ಲ, ಮತ್ತೆ ಎಂತ ತಪ್ಪು?

ಮಕ್ಕಳಿಗೆ 'ಏಕಸ್ವಾಮ್ಯ' ಎಂಬ ಶಬ್ದ ವಿವರಿಸುವಾಗ ನಾನು ಪುಸ್ತಕ ಮಡಚಿಟ್ಟು ಅಮೆರಿಕದ ಚಿಮಿಣಿ ಎಣ್ಣೆಯ ಕಥೆ ಹೇಳುವುದುಂಟು. ಚಿಮಿಣಿ ದೀಪವನ್ನೇ ಕಾಣದ ಮಕ್ಕಳಿವರು. ಒಂದು ಕಾಲದ ಮಹಾ ಸಿರಿವಂತ ಆ ಎಣ್ಣೆಯಿಂದಲೇ ಮೇಲೆ ಬಂದವನೆಂದರೆ ಕಣ್ಣರಳಿಸುತ್ತಾರೆ.

ಅವನೇ ಜಾನ್ ಡಿ. ರಾಕ್‌ಫೆಲ್ಲರ್. 1870ರಲ್ಲಿ ಕ್ಲೀವ್‌ಲೆಂಡಿನಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿ ಸ್ಥಾಪಿಸಿದ. ಸುಮಾರು ಹತ್ತು ವರ್ಷದಲ್ಲಿ ಆ ದೇಶದ ಎಣ್ಣೆ ಶುದ್ಧೀಕರಣದ ಶೇಕಡಾ 90ರಷ್ಟು ಅವನ ಹಿಡಿತಕ್ಕೆ ಬಂತು. 1872ರಲ್ಲಿ ರೈಲ್ವೆ ಕಂಪೆನಿಗಳ ಜತೆ ಗುಟ್ಟಿನಲ್ಲಿ ಒಂದು ಒಪ್ಪಂದವಾಗಿತ್ತು. ಒಳಗಿನವರಿಗೆ ಬಾಡಿಗೆಯಲ್ಲಿ ರಿಯಾಯಿತಿ, ಹೊರಗಿನವರಿಗೆ ಏರಿಸಿದ ದರ; ಸಾಲದೆಂಬಂತೆ ಹೊರಗಿನವರು ತೆತ್ತ ಬಾಡಿಗೆಯಲ್ಲೂ ಒಳಗಿನವರಿಗೆ ಪಾಲು! ಮಂಗಳೂರಿಗೆ ಅಡಿಕೆ ಒಯ್ಯುವ ಲಾರಿಯವ ನಮ್ಮಿಂದ ಹೆಚ್ಚು ಬಾಡಿಗೆ ಕಿತ್ತು, ಅದರಲ್ಲಿ ಒಂದಂಶವನ್ನು ಪಕ್ಕದ ವ್ಯಾಪಾರಿಯ ಕಿಸೆಗೆ ಹಾಕಿದ ಹಾಗೆ. ಜನ ರೊಚ್ಚಿಗೆದ್ದರು, ಒಪ್ಪಂದ ಮುರಿಯಿತು. ಅಷ್ಟರಲ್ಲಿ ಕ್ಲೀವ್‌ಲೆಂಡಿನ 26 ಶುದ್ಧೀಕರಣ ಘಟಕಗಳಲ್ಲಿ 22 ಅವನ ಪಾಲಾಗಿದ್ದವು.

ಆಗ ಪೆನ್ಸಿಲ್ವೇನಿಯಾದ ಎಣ್ಣೆ ಸೀಮೆಯಲ್ಲಿ ಐಡಾ ಟಾರ್ಬೆಲ್ ಎಂಬ ಹದಿನಾಲ್ಕರ ಹುಡುಗಿ ಇದ್ದಳು. ಅಪ್ಪ ಸಣ್ಣ ಎಣ್ಣೆ ಉದ್ಯಮಿ. ತಂಗಿಗೆ ಹಾಡು ಹೇಳುತ್ತಿದ್ದ ಅಪ್ಪ ಆ ದಿನಗಳಲ್ಲಿ ಹಾಡುವುದನ್ನೇ ಬಿಟ್ಟರೆಂದು ಆಕೆ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮುಂದೆ ಪತ್ರಕರ್ತೆಯಾಗಿ, ಕೋರ್ಟಿನ ಕಡತಗಳನ್ನು ಜಾಲಾಡಿ, 1902ರಿಂದ 'ಮೆಕ್‌ಕ್ಲೂರ್ಸ್' ಪತ್ರಿಕೆಯಲ್ಲಿ 19 ಕಂತುಗಳಲ್ಲಿ ಕಂಪೆನಿಯ ಚರಿತ್ರೆ ಬರೆದರು. ಪತ್ರಿಕೆಯನ್ನೇ ಮುಳುಗಿಸಿಯಾರು, ಬೇಡ ಎಂದು ಅಪ್ಪನೇ ತಡೆದಿದ್ದರಂತೆ! 1906ರಲ್ಲಿ ಸರಕಾರ 1890ರ ಶೆರ್ಮನ್ ಕಾಯಿದೆಯಡಿ ಮೊಕದ್ದಮೆ ಹೂಡಿತು. 1911ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಕಂಪೆನಿ 34 ಹೋಳಾಯಿತು. (ಹೋಳುಗಳ ಶೇರಿನ ಬೆಲೆ ಏರಿ ರಾಕ್‌ಫೆಲ್ಲರ್ ಇನ್ನಷ್ಟು ಸಿರಿವಂತನಾದ, ಆ ಮಾತು ಬೇರೆ. ಅವುಗಳಲ್ಲಿ ಎರಡರ ವಾರಸುದಾರರಾದ ಎಕ್ಸಾನ್, ಮೊಬಿಲ್ 1999ರಲ್ಲಿ ಪುನಃ ಒಂದಾದವು.)

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮಾಷ್ಟ್ರೆ, ಅವ ಎಣ್ಣೆಯ ಕ್ರಯ ಏರಿಸಿದನಾ?"

ಇಲ್ಲ, ಆ ವರ್ಷಗಳಲ್ಲಿ ಕ್ರಯ ಇಳಿದಿತ್ತು ಎಂದೆ.

"ಮತ್ತೆ ಎಂತ ತಪ್ಪು?"

ಒಳ್ಳೆಯ ಪ್ರಶ್ನೆ. ದೊಡ್ಡ ದೊಡ್ಡ ವಕೀಲರೂ ಇದನ್ನೇ ಕೇಳುತ್ತಾರೆ. ಕೊಳ್ಳುವವನ ಲೆಕ್ಕ ಮಾತ್ರ ನೋಡಿದರೆ ಸಾಲದು, ಮಾರುವವನ ದಾರಿ ಮುಚ್ಚಿತೇ ಎಂದೂ ನೋಡಬೇಕು ಎಂದೆ. ಆಂಡ್ರಾಯ್ಡ್ ಪುಕ್ಕಟೆಯೇ ತಾನೇ? ಆದರೂ 2022ರ ಅಕ್ಟೋಬರಿನಲ್ಲಿ ನಮ್ಮ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಫೋನು ತಯಾರಿಸುವವರು ಗೂಗಲ್‌ನ ಇಡೀ ಆ್ಯಪ್ ಗಂಟನ್ನೇ ಹೊರಬೇಕೆಂಬ ಷರತ್ತು ಅನ್ಯಾಯ ಎಂಬುದು ಅದರ ಒಂದು ಕಾರಣ. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು.