ನೀರು ಕುಡಿಯುವ ಮರ

ಕಳೆದ ವರ್ಷ ಜುಲೈಯಲ್ಲಿ ಅಮ್ಮ ಗಂಗೊಳ್ಳಿಯಿಂದ ಸ್ವೀಡನ್ನಿಗೆ ಬಂದಿದ್ದಳು. ಗೋಥೆನ್‌ಬರ್ಗ್‌ನ ಹೊರಗಿನ ದ್ವೀಪವೊಂದರ ಮರೆಯಲ್ಲಿ ಲಂಗರು ಇಳಿಸಿ, ನನ್ನ ಹಾಯಿದೋಣಿಯ ಪುಟ್ಟ ಕ್ಯಾಬಿನ್ನಿನಲ್ಲಿ ಅವಳಿಗೆ ಹಾಸಿಗೆ ಹಾಸಿಕೊಟ್ಟೆ. ರಾತ್ರಿ ಹನ್ನೊಂದಾದರೂ ಆಕಾಶದಲ್ಲಿ ಬೆಳಕು ಉಳಿದಿತ್ತು. ಮಲಗಿದ ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೇಳಿದಳು: “ಮಳಿ ಬಂತಾ ಮಾಣಿ?”

ಮಳೆ ಬಂದಿರಲಿಲ್ಲ. ಮೋಡವೂ ಇರಲಿಲ್ಲ. ಸಣ್ಣ ಸಣ್ಣ ಅಲೆಗಳು ಹಲಗೆಗಳ ಅಂಚಿನ ಕೆಳಗೆ ಸಿಕ್ಕಿಕೊಂಡು ಟಪಟಪ, ಗುಳುಗುಳು ಎನ್ನುತ್ತಿದ್ದವು. ಹಂಚಿನ ಮಾಡಿನ ಕೆಳಗೆ ಐವತ್ತು ಮಳೆಗಾಲ ಮಲಗಿ ಎದ್ದವಳ ಕಿವಿಗೆ ಅದು ಮಳೆಯಾಗಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಈ ದೋಣಿಯ ಮೈಯನ್ನು ಕಟ್ಟಿರುವುದೇ ಹಂಚು ಹೊದಿಸಿದ ಹಾಗೆ.

ಇದರ ಹೆಸರು ಫೋಕ್‌ಬೋಟ್. ಜನರ ದೋಣಿ ಎಂದು ಅರ್ಥ. ನನ್ನದು 1950ರ ದಶಕದಲ್ಲಿ ಕಟ್ಟಿದ್ದು; ಎಂಟು ವರ್ಷಗಳ ಹಿಂದೆ ಹಿರಿಯರೊಬ್ಬರಿಂದ ಕೊಂಡೆ. ಪೈನ್ ಮರದ ಉದ್ದುದ್ದ ಹಲಗೆಗಳನ್ನು ತಳದಿಂದ ಮೇಲಕ್ಕೆ ಒಂದೊಂದಾಗಿ ಬಗ್ಗಿಸಿ ಕೂರಿಸುತ್ತ ಹೋಗಿದ್ದಾರೆ. ಮೇಲಿನ ಹಲಗೆಯ ಕೆಳಗಿನ ಅಂಚು ಕೆಳಗಿನದರ ಮೇಲಂಚನ್ನು ಹೊರಗಿನಿಂದ ಮುಚ್ಚುತ್ತದೆ. ಎರಡೂ ಕೂಡುವಲ್ಲಿ ತಾಮ್ರದ ಮೊಳೆ ತೂರಿಸಿ, ಒಳಬದಿಗೆ ತಾಮ್ರದ ಬಿಲ್ಲೆ ತೊಡಿಸಿ, ಮೊಳೆಯ ತುದಿಯನ್ನು ಕತ್ತರಿಸಿ, ಬಡಿದು ಮುಚ್ಚುತ್ತಾರೆ. ಒಳಗೆ ಓಕ್ ಮರದ ಪಕ್ಕೆಲುಬುಗಳು, ಮಾಡಿಗೆ ಪಕ್ಕಾಸು ಇದ್ದಂತೆ. ಕ್ಯಾಬಿನ್ನಿನಲ್ಲಿ ಮಲಗಿ ನೋಡಿದರೆ ಸಾಲು ಸಾಲು ತಾಮ್ರದ ಚುಕ್ಕಿಗಳು. ಅಷ್ಟನ್ನೂ ಯಾರೋ ಇಬ್ಬರು, ಒಬ್ಬ ಒಳಗೆ, ಒಬ್ಬ ಹೊರಗೆ ನಿಂತು ಬಡಿದಿದ್ದಾರೆ.

ನನ್ನ ಅಜ್ಜ ಮಂಜಿ ಎಂಬ ಸರಕುದೋಣಿಯಲ್ಲಿ ಹಂಚು ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದವನು. ಮಂಜಿಯ ಕಟ್ಟಾಣಿಕೆ ಬೇರೆ. ಹಲಗೆಯ ಅಂಚಿಗೆ ಅಂಚು ತಾಗಿಸಿ, ಸಂದಿಗೆ ಹತ್ತಿ ತುರುಕಿ, ರಾಳವೂ ಎಣ್ಣೆಯೂ ಸೇರಿದ ಲೇಪ ಮೆತ್ತುತ್ತಿದ್ದರಂತೆ. ಹಲಗೆಯ ಮೇಲೆ ಹಲಗೆ ಏರುವ ಈ ಉತ್ತರದ ಪದ್ಧತಿಯನ್ನು ಅಜ್ಜ ಕಂಡವನಲ್ಲ. ಇಲ್ಲಿ ವೈಕಿಂಗರ ಕಾಲದಿಂದಲೂ ಇದೇ ರೂಢಿ. ನನ್ನ ದೋಣಿಯ ಸಂದಿಗೆ ಏನನ್ನೂ ತುರುಕಿಲ್ಲ. ಮರ ಮರವನ್ನೇ ಅಪ್ಪಿಕೊಂಡು ನೀರನ್ನು ಹೊರಗಿಡಬೇಕು. ಅದು ಹೇಗೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಫೋಕ್‌ಬೋಟ್ ಹುಟ್ಟಿದ ಕತೆ ನನಗೆ ಬಹಳ ಇಷ್ಟ. ಎರಡನೆಯ ಮಹಾಯುದ್ಧದ ನಡುವೆ, ಸಾಮಾನ್ಯ ಸಂಸಾರಸ್ಥನ ಕೈಗೆಟಕುವ, ಸಮುದ್ರಕ್ಕೂ ಹೋಗಬಲ್ಲ ದೋಣಿ ಬೇಕೆಂದು ಸ್ಕ್ಯಾಂಡಿನೇವಿಯಾದ ಹಾಯಿದೋಣಿ ಒಕ್ಕೂಟ ವಿನ್ಯಾಸ ಸ್ಪರ್ಧೆಯೊಂದನ್ನು ಏರ್ಪಡಿಸಿತು. 58 ನಕ್ಷೆಗಳು ಬಂದವು. ಯಾವುದನ್ನೂ ಪೂರ್ತಿಯಾಗಿ ಒಪ್ಪಲು ತೀರ್ಪುಗಾರರಿಗೆ ಮನಸ್ಸಾಗಲಿಲ್ಲ. ಕೊನೆಗೆ ಒಳ್ಳೆಯ ನಕ್ಷೆಗಳ ಒಳ್ಳೆಯ ಗುಣಗಳನ್ನೆಲ್ಲ ಆಯ್ದು, ಒಂದೇ ದೋಣಿಯಾಗಿ ಹೆಣೆದು ಕೊಡುವ ಕೆಲಸವನ್ನು ಟೋರ್ಡ್ ಸುಂಡೇನ್ ಅವರಿಗೆ ವಹಿಸಿದರು. ಹತ್ತು ಕಡೆಯ ಗುಣ ಕೂಡಿಸಿದ ವಸ್ತು ಸಾಮಾನ್ಯವಾಗಿ ಎಲ್ಲಿಯೂ ಸಲ್ಲದೆ ಹೋಗುತ್ತದೆ. ಇದು ಹಾಗಾಗಲಿಲ್ಲ. ಎದುರಿನ ಮೂಗಿನಿಂದ ಹಿಂದಿನ ಓರೆ ಹಲಗೆಯವರೆಗೆ ಇದರ ಮೈಯ ಗೆರೆ ಎಲ್ಲಿಯೂ ತಡವರಿಸದೆ, ಒಂದೇ ಉಸಿರಿನಲ್ಲಿ ಎಳೆದಂತಿದೆ. ಮೊದಲ ದೋಣಿ 1942ರ ಏಪ್ರಿಲ್‌ನಲ್ಲಿ ಇದೇ ಗೋಥೆನ್‌ಬರ್ಗ್‌ನಲ್ಲಿ ನೀರಿಗಿಳಿಯಿತು. ಆಮೇಲೆ ಸಾವಿರಗಟ್ಟಲೆ ಕಟ್ಟಿದರು. 1970ರ ದಶಕದಿಂದ ಫೈಬರ್‌ಗ್ಲಾಸಿನಲ್ಲೂ ಮಾಡುತ್ತಾರೆ. ಅಲ್ಲಿ ಹಲಗೆಯೇ ಇಲ್ಲದಿದ್ದರೂ ಅಚ್ಚಿನಲ್ಲಿ ಹಲಗೆಯ ಅಂಚುಗಳನ್ನು ಹಾಗೆಯೇ ಮೂಡಿಸಿದ್ದಾರೆ. ಮರದ್ದೂ ಫೈಬರಿನದೂ ಪಂದ್ಯದಲ್ಲಿ ಒಟ್ಟಿಗೇ ಓಡುತ್ತವೆ.

ಅಳತೆ ಹೇಳಿದರೆ ಇದೆಷ್ಟು ಸಣ್ಣದು ಎಂದು ತಿಳಿದೀತು. ಉದ್ದ 7.68 ಮೀಟರ್, ಅಗಲ 2.20 ಮೀಟರ್. ನೀರಿನ ಕೆಳಗೆ 1.20 ಮೀಟರ್ ಇಳಿಯುತ್ತದೆ. ಹಾಯಿ ಒಟ್ಟು 24 ಚದರ ಮೀಟರ್, ಅದರಲ್ಲಿ ಹೆಚ್ಚಿನ ಪಾಲು ಮುಖ್ಯ ಹಾಯಿಯದು. ಮುಂದಿನ ಸಣ್ಣ ಹಾಯಿ ಕಂಬದ ತುದಿಯವರೆಗೆ ಏರುವುದಿಲ್ಲ. ಕ್ಯಾಬಿನ್ನಿನಲ್ಲಿ ನೆಟ್ಟಗೆ ನಿಲ್ಲುವಂತಿಲ್ಲ. ಕೂತೇ ಅಂಗಿ ತೊಡಬೇಕು, ಕೂತೇ ಚಹಾ ಕಾಸಬೇಕು. ಇದೇ ಉದ್ದದ ಹೊಸ ದೋಣಿಗಳಲ್ಲಿ ಇದರ ಎರಡರಷ್ಟು ಜಾಗ ಸಿಗುತ್ತದೆ. ಆದರೆ ಆ ಜಾಗಕ್ಕಾಗಿ ಮೈಯನ್ನು ಅಗಲ ಮಾಡಿ, ಎತ್ತರಿಸಿ, ಗಾಳಿಗೆ ಎದೆಯೊಡ್ಡಿ ನಿಲ್ಲಿಸಿರುತ್ತಾರೆ. ಫೋಕ್‌ಬೋಟ್ ಕುಳ್ಳಗೆ, ಸಪೂರವಾಗಿ, ನೀರಿಗೆ ಹತ್ತಿರವಾಗಿ ಕೂತಿರುತ್ತದೆ. ಕೂತಲ್ಲಿಂದಲೇ ಕೈ ಚಾಚಿದರೆ ಸಮುದ್ರ ಬೆರಳಿಗೆ ಸಿಗುತ್ತದೆ.

ಇದರ ನಿಜವಾದ ಗುಟ್ಟು ಕಣ್ಣಿಗೆ ಕಾಣುವುದಿಲ್ಲ. ಒಟ್ಟು ತೂಕ ಸುಮಾರು 1,930 ಕೆಜಿ. ಅದರಲ್ಲಿ ಸಾವಿರ ಕೆಜಿಗೂ ಹೆಚ್ಚು ಬರಿಯ ಕಬ್ಬಿಣ, ತಳದ ಉದ್ದನೆಯ ಕೀಲ್‌ನಲ್ಲಿದೆ. ಅಂದರೆ ಮರ, ಹಾಯಿ, ಕಂಬ, ಹಗ್ಗ ಎಲ್ಲ ಸೇರಿದರೂ ಆ ಕಬ್ಬಿಣದ ತೂಕಕ್ಕೆ ಸಮನಾಗುವುದಿಲ್ಲ. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳಿದಾಗ ದೋಣಿ ಮೊದಲು ಸಲೀಸಾಗಿ ಬಾಗುತ್ತದೆ. ಬಾಗಿದಷ್ಟೂ ಕೆಳಗಿನ ಕಬ್ಬಿಣ ಪಕ್ಕಕ್ಕೆ ಏಳುತ್ತ ಹೋಗಿ ಹೆಚ್ಚು ಹೆಚ್ಚು ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಹಾಯಿಯೂ ಓರೆಯಾಗಿ, ಗಾಳಿಯ ಒಂದಷ್ಟು ಭಾಗವನ್ನು ಮೇಲಿಂದ ಹಾಯಲು ಬಿಡುತ್ತದೆ. ಒಂದು ಹಂತಕ್ಕೆ ಎರಡೂ ಸರಿತೂಗಿ, ದೋಣಿ ಅಲ್ಲಿಯೇ ಭುಜ ಊರಿ ನಿಂತುಬಿಡುತ್ತದೆ. ಮೊದಲ ಬೇಸಗೆಯಲ್ಲಿ ಅಂಚು ನೀರಿಗೆ ತಾಗುವಷ್ಟು ಬಾಗಿದಾಗ ನನ್ನ ಎದೆ ಡವಗುಟ್ಟುತ್ತಿತ್ತು. ಈಗ ಆ ಭುಜ ಊರುವ ಗಳಿಗೆಗಾಗಿಯೇ ಕಾಯುತ್ತೇನೆ. ಕಾಲಡಿಯಲ್ಲಿ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಎತ್ತು ನೊಗಕ್ಕೆ ಹೆಗಲು ಕೊಟ್ಟ ಹಾಗೆ.

ಬಾಗಿದಾಗ ಇನ್ನೊಂದು ಲಾಭವೂ ಉಂಟು. ನೆಟ್ಟಗಿದ್ದಾಗ ದೋಣಿ ನೀರಿಗೆ ತಾಗುವ ಉದ್ದ ಸುಮಾರು 6 ಮೀಟರ್ ಮಾತ್ರ. ಮುಂದೆಯೂ ಹಿಂದೆಯೂ ಮೈ ನೀರಿನಿಂದ ಮೇಲೆದ್ದು ಚಾಚಿರುತ್ತದೆ. ಇಂಥ ಭಾರದ ದೋಣಿಯ ವೇಗಕ್ಕೆ ಮಿತಿ ಹಾಕುವುದು ನೀರಿಗೆ ತಾಗಿದ ಉದ್ದವೇ. 6 ಮೀಟರಿಗೆ ಹೆಚ್ಚುಕಡಿಮೆ 6 ನಾಟ್, ಗಂಟೆಗೆ 11 ಕಿಲೋಮೀಟರ್. ಬಾಗಿದೊಡನೆ ಚಾಚಿದ ಭಾಗವೂ ನೀರಿಗಿಳಿದು, ದೋಣಿ ತಾನೇ ಉದ್ದವಾಗುತ್ತದೆ. ಗಂಟೆಗೆ 11 ಕಿಲೋಮೀಟರ್ ಸೈಕಲ್ಲಿನ ವೇಗ, ನಿಜ. ಆದರೆ ನೈಋತ್ಯದ ಗಾಳಿಗೆ ಓರೆಯಾಗಿ, ವಿಂಗಾ ದ್ವೀಪದ ದೀಪಸ್ತಂಭದ ಕಡೆಗೆ ಹೊರಟಾಗ, ಚುಕ್ಕಾಣಿಯ ಹಿಡಿ ಅಂಗೈಯಲ್ಲಿ ಸಣ್ಣಗೆ ಮಿಡಿಯುವಾಗ, ಇದಕ್ಕಿಂತ ವೇಗ ಯಾರಿಗೂ ಬೇಡ ಅನ್ನಿಸುತ್ತದೆ.

ಆ ಹಿಡಿಯ ಮಾತು ಹೇಳದೆ ಇರಲಾರೆ. ಚುಕ್ಕಾಣಿಯನ್ನು ನೀಳ ಕೀಲ್‌ನ ಹಿಂದಿನ ಅಂಚಿಗೇ ತೂಗುಹಾಕಿದ್ದಾರೆ. ಕೀಲ್ ಉದ್ದವಿರುವುದರಿಂದ ದೋಣಿ ಹಿಡಿದ ದಾರಿ ಬಿಡುವುದಿಲ್ಲ. ಹಿಡಿಗೆ ಹಗ್ಗ ಬಿಗಿದು ಒಂದು ಕಪ್ ಚಹಾ ಕುಡಿದು ಮುಗಿಸಬಹುದು. ಗಾಳಿ ಜೋರಾದಾಗ ಮಾತ್ರ ಗಾಳಿಯ ಕಡೆಗೇ ಮುಖ ತಿರುಗಿಸಲು ಎಳೆಯುತ್ತದೆ. ಆ ಎಳೆತ ಹೆಚ್ಚಾಯಿತೆಂದರೆ ಮುಖ್ಯ ಹಾಯಿಯನ್ನು ಸ್ವಲ್ಪ ಸಡಿಲಿಸು ಎಂದು ಅರ್ಥ. ಸಡಿಲಿಸಿದೆನೋ, ಹಿಡಿ ಹಗುರಾಗುತ್ತದೆ, ವೇಗ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಇಕ್ಕಟ್ಟಿನ ಬಂದರಿನಲ್ಲಿ ಹಿಂದಕ್ಕೆ ಬಿಡಬೇಕಾದಾಗ ಇದೇ ನೀಳ ಕೀಲ್ ಹಟ ಹಿಡಿಯುತ್ತದೆ. ಆ ಹಟವೇ ತೆರೆದ ಸಮುದ್ರದಲ್ಲಿ ಕಾಯುವುದು. 1960ರಲ್ಲಿ ಒಬ್ಬೊಬ್ಬರೇ ಅಟ್ಲಾಂಟಿಕ್ ದಾಟುವ ಮೊದಲ ಪಂದ್ಯ ನಡೆದಾಗ ಬ್ಲಾಂಡಿ ಹ್ಯಾಸ್ಲರ್ ಎಂಬ ನಾವಿಕರು ಹೋದದ್ದು ಫೋಕ್‌ಬೋಟಿನ ಒಡಲಿಗೆ ಚೀನೀ ಮಾದರಿಯ ಹಾಯಿ ಕಟ್ಟಿದ ‘ಜೆಸ್ಟರ್’ ಎಂಬ ದೋಣಿಯಲ್ಲಿ. 48 ದಿನಗಳಲ್ಲಿ ನ್ಯೂಯಾರ್ಕ್ ಮುಟ್ಟಿ ಎರಡನೆಯವರಾದರು. ನಮ್ಮೂರಿನ ಹಟ್ಟಿಯ ಉದ್ದವೂ ಇಲ್ಲದ ದೋಣಿ!

ಇನ್ನು ಮರ ನೀರನ್ನು ಹೊರಗಿಡುವ ಬಗೆ. ಅಕ್ಟೋಬರಿನಲ್ಲಿ ದೋಣಿಯನ್ನು ದಡಕ್ಕೆತ್ತಿ ಟಾರ್ಪಾಲು ಹೊದಿಸುತ್ತೇವೆ. ನಮ್ಮೂರಲ್ಲಿ ಮಳೆಗಾಲ ಬಂತೆಂದರೆ ದೋಣಿಗಳನ್ನು ಮೇಲೆಳೆದು ಮಡಲ ತಟ್ಟಿ ಮುಚ್ಚುತ್ತಿದ್ದ ಹಾಗೆ. ಅಲ್ಲಿ ಮೀನೆಣ್ಣೆ ಉಜ್ಜುತ್ತಿದ್ದರು, ಇಲ್ಲಿ ಅಗಸೆ ಎಣ್ಣೆ ಉಜ್ಜುತ್ತೇನೆ. ಏಪ್ರಿಲ್ಲಿನ ಒಣ ಬಿಸಿಲಿಗೆ ಹಲಗೆಗಳು ಸೊರಗಿ, ಸಂದಿಗಳಲ್ಲಿ ಬೆಳಕು ತೂರುವಷ್ಟು ಬಿರುಕು ಕಾಣುತ್ತದೆ. ಮೇ ತಿಂಗಳಲ್ಲಿ ನೀರಿಗಿಳಿಸಿದೊಡನೆ ಎಲ್ಲ ಕಡೆಯಿಂದಲೂ ನೀರು ಒಳಗೆ ಜಿನುಗುತ್ತದೆ. ಮೊದಲ ವರ್ಷ ನಾನು ಗಾಬರಿಯಾಗಿ ಬಿರುಕಿಗೆ ಏನಾದರೂ ಮೆತ್ತೋಣವೆಂದು ಹೊರಟಾಗ, ದೋಣಿ ಮಾರಿದ ಹಿರಿಯರು ಕೈ ಹಿಡಿದು ನಿಲ್ಲಿಸಿದರು. “ಮೊದಲು ಹೊಟ್ಟೆ ತುಂಬ ಕುಡಿಯಲಿ” ಎಂದರು. ಒಣಗಿದಾಗ ಗಟ್ಟಿ ವಸ್ತು ಮೆತ್ತಿದರೆ, ಮರ ಉಬ್ಬುವಾಗ ಜಾಗ ಸಾಲದೆ ಮೊಳೆಯನ್ನೇ ಕಿತ್ತೀತು. ಬೇಸಗೆಯಲ್ಲಿ ಕಬ್ಬಿಣದ ಪಟ್ಟಿ ಸಡಿಲಾದ ಗಾಡಿಯ ಚಕ್ರವನ್ನು ಕೆರೆಯಲ್ಲಿ ನೆನೆಹಾಕುವುದಿಲ್ಲವೇ, ಅದೇ ನ್ಯಾಯ. ಒಳಗೆ ಬಂದ ನೀರೇ ಇನ್ನಷ್ಟು ನೀರು ಬಾರದಂತೆ ಬಾಗಿಲು ಹಾಕುತ್ತದೆ.

ಅದಕ್ಕೆಂದೇ ಪ್ರತಿ ಮೇ ತಿಂಗಳಲ್ಲಿ ಎರಡು ರಾತ್ರಿ ನಾನು ದೋಣಿಯಲ್ಲೇ ಮಲಗುತ್ತೇನೆ. ಅಲಾರಂ ಇಟ್ಟುಕೊಂಡು ಮೊದಲ ರಾತ್ರಿ ಗಂಟೆಗೊಮ್ಮೆ ಎದ್ದು ಕೈಪಂಪು ಒತ್ತಬೇಕು. ತಣ್ಣಗಿನ ನೀರು ಕೊಳವೆಯಿಂದ ಭರ್ರನೆ ಹೊರಬೀಳುತ್ತದೆ. ನೂರು ಸಲ ಒತ್ತಿದರೂ ಮುಗಿಯದು. ಎರಡನೆಯ ರಾತ್ರಿ ಮೂರು ಗಂಟೆಗೊಮ್ಮೆ ಎದ್ದರೆ ಸಾಕು. ಎಣಿಕೆ ಐವತ್ತಕ್ಕೆ, ಮೂವತ್ತಕ್ಕೆ ಇಳಿಯುತ್ತದೆ. ನಡುವೆ ಹಲಗೆಗೆ ಕೆನ್ನೆ ಒತ್ತಿ ಮಲಗಿದರೆ ಮರ ಆಗೊಮ್ಮೆ ಈಗೊಮ್ಮೆ ಲಟಕ್ಕೆಂದು ಬಿಗಿದುಕೊಳ್ಳುವುದು ಕೇಳುತ್ತದೆ. ಹೊರಗೆ ಅಂಚುಗಳ ಕೆಳಗೆ ಅಮ್ಮ ಕೇಳಿದ ಅದೇ ಮಳೆ.

ಈ ವರ್ಷ ಮೂರನೆಯ ದಿನ ಬೆಳಿಗ್ಗೆ ಎದ್ದು ಪಂಪು ಒತ್ತಿದೆ. ನಾಲ್ಕು ಸಲ ನೀರು ಬಂತು. ಐದನೆಯದಕ್ಕೆ ಬರಿಯ ಗಾಳಿ. ಪಂಪನ್ನು ಅದರ ಜಾಗದಲ್ಲಿಟ್ಟು, ಹಾಯಿಯ ಚೀಲ ಬಿಚ್ಚಿದೆ.