ಎತ್ತರದ ಬಾನೆಟ್

ಹಳೇ ಜೀಪಿನ ವಯಸ್ಸು ತಿಳಿಯಬೇಕಾದರೆ ಆರ್‌ಸಿ ಪುಸ್ತಕಕ್ಕಿಂತ ಮೊದಲು ಅದರ ಬಾನೆಟ್ ನೋಡಬೇಕು. ಎರಡನೇ ಮಹಾಯುದ್ಧದಲ್ಲಿ ಓಡಿದ ವಿಲ್ಲಿಸ್ ಎಂಬಿ ಜೀಪಿನ ಬಾನೆಟ್ ತಗ್ಗು, ಎದುರು ನಿಂತರೆ ಗ್ರಿಲ್ಲಿನಲ್ಲಿ ಒಂಬತ್ತು ಸೀಳು. 1953ರಲ್ಲಿ ವಿಲ್ಲಿಸ್ ಕಂಪನಿ ಹೊರತಂದ ಸಿಜೆ-3ಬಿಯಲ್ಲಿ ಸೀಳು ಏಳು, ಬಾನೆಟ್ ಎತ್ತರ. ಕಾರಣ ಸರಳವಾದದ್ದು. ಯುದ್ಧಕಾಲದ ಇಂಜಿನ್ನಿನಲ್ಲಿ ವಾಲ್ವುಗಳೆಲ್ಲ ಪಕ್ಕದಲ್ಲಿ, ಬ್ಲಾಕಿನೊಳಗೇ ಇದ್ದವು. ಹೊಸ ‘ಹರಿಕೇನ್’ ಇಂಜಿನ್ನಿನಲ್ಲಿ ಒಳಗೆಳೆಯುವ ವಾಲ್ವುಗಳನ್ನು ಮೇಲೆ, ಹೆಡ್ಡಿಗೆ ತಂದರು. ಇಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ದಶಕಗಟ್ಟಲೆ ಮಾಡಿ ಮಾರಿದ್ದು ಈ ಎತ್ತರದ ಬಾನೆಟ್ಟಿನ ಜೀಪನ್ನೇ.

ಸುಂಟಿಕೊಪ್ಪದಲ್ಲಿ ನನ್ನ ಸೋದರಮಾವನ ತೋಟದ ಶೆಡ್ಡಿನಲ್ಲಿ ಹದಿನೇಳು ವರ್ಷ ಅಲುಗಾಡದೆ ನಿಂತಿದ್ದ ಜೀಪಿನದು ಎತ್ತರದ ಬಾನೆಟ್. ಏಳು ಸೀಳು.

ಇದರಲ್ಲೇನು ವಿಶೇಷ ಎಂದರೆ, ಆ ಜೀಪು ಬರ್ಮಾಕ್ಕೆ ಹೋಗಿ ಬಂದದ್ದು ಎಂದು ನಮ್ಮ ಅಜ್ಜ ಸಾಯುವವರೆಗೂ ಹೇಳುತ್ತಿದ್ದರು. ಜಪಾನಿನವರ ಗುಂಡು ತಾಗಿದ್ದು, ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ ಹರಾಜಿಗೆ ಬಂದದ್ದು, ಇವರು ಹೋಗಿ ಕೂಗಿ ತಂದದ್ದು. ಆರ್‌ಸಿಯಲ್ಲಿ ತಯಾರಾದ ವರ್ಷ 1962 ಎಂದಿರುವುದಕ್ಕೂ ಅವರ ಹತ್ತಿರ ಉತ್ತರವಿತ್ತು: ಮಿಲಿಟರಿ ಗಾಡಿಗೆ ಸಿವಿಲ್ ನಂಬರ್ ಸಿಕ್ಕಿದ ವರ್ಷವನ್ನೇ ಬರೆದಿದ್ದಾರೆ, ಅಷ್ಟೆ. ಬಾನೆಟ್ಟಿನ ಪಕ್ಕದಲ್ಲಿ ‘ವಿಲ್ಲಿಸ್’ ಎಂಬ ಉಬ್ಬಕ್ಷರ ಬೇರೆ ಇದೆ, ಇಂಗ್ಲಿಷ್ ಓದಲು ಬರುವ ಮೊಮ್ಮಕ್ಕಳಿಗೆ ಅದನ್ನೇ ಸಾಕ್ಷಿಯಾಗಿ ತೋರಿಸುತ್ತಿದ್ದರು. ಆದರೆ ಮಹೀಂದ್ರದವರು ಜೀಪು ಜೋಡಿಸುತ್ತಿದ್ದದ್ದು ವಿಲ್ಲಿಸ್ ಪರವಾನಗಿಯಲ್ಲಿ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಶುರುವಾದ ಆ ಕಂಪನಿಯ ಪಾಲುದಾರ ಗುಲಾಂ ಮೊಹಮ್ಮದ್ ದೇಶವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ ಉಳಿದವರು 1948ರಲ್ಲಿ ಕಂಪನಿಯ ಹೆಸರನ್ನು ಮಹೀಂದ್ರ ಅಂಡ್ ಮಹೀಂದ್ರ ಎಂದು ಬದಲಿಸಿಕೊಂಡರು. ಬಾನೆಟ್ಟಿನ ಮೇಲಿನ ಹೆಸರು ಮಾತ್ರ ಅಮೆರಿಕದ್ದೇ ಆಗಿತ್ತು.

ಬರ್ಮಾದ ಕಥೆ ಕೊಡಗಿನಲ್ಲಿ ತೀರಾ ಸಹಜವಾಗಿ ಹುಟ್ಟುವಂಥದ್ದು. ಮನೆಗೊಬ್ಬ ಸೈನಿಕನಿರುವ ಜಿಲ್ಲೆ ಇದು. 1945ರಲ್ಲಿ ಅರಾಕಾನಿನ ಕಾಡಿನಲ್ಲಿ ಒಂದು ಬ್ರಿಗೇಡಿನ ನಾಯಕರಾಗಿದ್ದವರು ನಮ್ಮ ತಿಮ್ಮಯ್ಯನವರೇ. ಹಾಗಾಗಿ ನಮ್ಮ ಕಡೆ ಪ್ರತಿ ಹಳೇ ಜೀಪಿಗೂ ಒಂದು ವಂಶಾವಳಿ ಉಂಟು. ಒಂದರಲ್ಲಿ ಕಾರ್ಯಪ್ಪನವರು ಕೂತಿದ್ದರು, ಇನ್ನೊಂದನ್ನು ತಿಮ್ಮಯ್ಯನವರೇ ಓಡಿಸಿದ್ದರು. ಇವನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರೆ ಆ ಇಬ್ಬರಿಗೂ ಜೀಪಿನಿಂದ ಕೆಳಗಿಳಿಯಲು ಪುರುಸೊತ್ತೇ ಸಿಕ್ಕಿರಲಾರದು.

ಕಳೆದ ಮಳೆಗಾಲ ಮುಗಿದ ಮೇಲೆ ಮಾವ ಜೀಪನ್ನು ಸರಿಮಾಡಿಸುತ್ತೇನೆ ಎಂದು ಹೊರಟರು. ಪೇಟೆಯ ಒಬ್ಬ ಹಿರಿಯ ಮೆಕ್ಯಾನಿಕ್, ನಾವೆಲ್ಲ ಕಾಕ ಎನ್ನುವವರು, ಟಾರ್ಚ್ ಹಿಡಿದುಕೊಂಡು ಅಡಿಯಲ್ಲಿ ಮಲಗಿ ನೋಡಿ ಎದ್ದರು. ‘ಷಾಸಿ ಉಂಟು, ಬಾಡಿ ಅರ್ಧ ಉಂಟು’ ಅಂದರು. ನಾನು ರಜೆಗೆ ಹೋದವಳು ಮರಳು ಕಾಗದ ಹಿಡಿದು ಕೂತೆ.

ತುಕ್ಕು ಎಲ್ಲ ಕಡೆ ಒಂದೇ ಥರ ಹಿಡಿಯುವುದಿಲ್ಲ ಎಂಬುದು ಕೆರೆಯುತ್ತ ಕೂತಾಗ ತಿಳಿಯಿತು. ನಮ್ಮದು ಎಡಗಡೆ ಸ್ಟಿಯರಿಂಗಿನ ಗಾಡಿ, ಹಿಂದೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದು. ಡ್ರೈವರ್ ಕಾಲಿಡುವ ಎಡಗಡೆ ತಳ ಜರಡಿಯಾಗಿತ್ತು, ಬಲಗಡೆ ಅಷ್ಟಿಲ್ಲ. ಮಳೆಗಾಲದಲ್ಲಿ ಒದ್ದೆ ಬೂಟು ಹತ್ತಿದ್ದು ಒಂದೇ ಕಡೆಯಿಂದ. ಹಿಂದುಗಡೆ ತಳ ಇನ್ನೂ ಕೆಟ್ಟದಾಗಿ, ಪದರ ಪದರವಾಗಿ ಎದ್ದುಬರುತ್ತಿತ್ತು. ಕಾಕ ಅದನ್ನು ಉಗುರಿನಲ್ಲಿ ಕೆರೆದು ‘ಇದು ನೀರಿನ ತುಕ್ಕಲ್ಲ ಮೋಳೇ, ಗೊಬ್ಬರದ್ದು’ ಅಂದರು. ಕಾಫಿಗೆ ಹಾಕುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಗಾಳಿಯ ತೇವ ಹೀರಿಕೊಂಡು ತಗಡಿನ ಸಂದಿಯಲ್ಲಿ ಕೂತಿತೆಂದರೆ ಅದರ ಕ್ಲೋರೈಡ್ ಕಬ್ಬಿಣವನ್ನು ಬಿಡದೆ ತಿನ್ನುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಎರಡು ತಗಡು ಕೂಡುವಲ್ಲಿ ಅದು ಉಬ್ಬಿ ಬೆಸುಗೆಯನ್ನೇ ಬಿರಿಸುತ್ತದೆ. ಗೊಬ್ಬರದ ಚೀಲ ಎಲ್ಲಿ ಒರಗಿಸುತ್ತಿದ್ದರು, ಯಾವ ಮೂಲೆಯಲ್ಲಿ ಚೀಲ ಒಡೆಯುತ್ತಿತ್ತು ಎಂಬುದೆಲ್ಲ ಆ ತಳದಲ್ಲಿ ಬರೆದಿಟ್ಟಂತಿತ್ತು.

ಹಿಂದಿನ ತಳ ಕತ್ತರಿಸಿ ತೆಗೆದಾಗ ಅಡಿಯ ಪಟ್ಟಿಯೊಳಗೆ ಹತ್ತಿಪ್ಪತ್ತು ಕಾಫಿ ಬೀಜ ಸಿಕ್ಕವು, ಕಪ್ಪಾಗಿ ಕಲ್ಲಿನಂತಾಗಿದ್ದವು. 1990ರ ದಶಕದ ನಡುವಿನವರೆಗೆ ಬೆಳೆಗಾರರು ತಮ್ಮ ಕಾಫಿಯನ್ನು ಇಷ್ಟ ಬಂದವರಿಗೆ ಮಾರುವ ಹಾಗಿರಲಿಲ್ಲ. ಎಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗಬೇಕು, ದುಡ್ಡು ಕಂತು ಕಂತಾಗಿ ಬರಬೇಕು. ರಾತ್ರಿ ಹೊತ್ತು ಲೈಟ್ ಆರಿಸಿಕೊಂಡು ಜೀಪುಗಳು ಎಲ್ಲಿಗೋ ಹೋಗಿ ಬರುತ್ತಿದ್ದ ಕಥೆಗಳು ಆ ಕಾಲದವು. ನಮ್ಮದೂ ಹೋಗಿತ್ತೇ ಎಂದು ಕೇಳಿದೆ. ಮಾವ ಬೀಜಗಳನ್ನು ಅಂಗೈಯಲ್ಲಿ ಹಾಕಿಕೊಂಡು, ‘ಪೂಲಿಗೆ ತಗೊಂಡು ಹೋದಾಗಲೂ ಬೀಜ ಬೀಳ್ತದೆ’ ಅಂದರು. ಅದೂ ನಿಜವೇ.

ಗಾಜಿನ ಚೌಕಟ್ಟಿನ ಮೇಲೆ ನಾಲ್ಕು ತೂತು. ಅವು ಜಪಾನಿನವರ ಗುಂಡಿನವು ಎಂಬುದು ಅಜ್ಜನ ವಾದ. ನಾಲ್ಕೂ ಒಂದೇ ಅಳತೆ, ಸಮ ಅಂತರ, ಅಂಚು ಡ್ರಿಲ್ ಹಾಕಿದಷ್ಟು ನಯ. ಚುನಾವಣೆಯಲ್ಲಿ ಮೈಕಿನ ಹಾರ್ನ್ ಕಟ್ಟಲು ಕೊರೆಸಿದ್ದು ಎಂದು ಮಾವ ಕೊನೆಗೆ ಒಪ್ಪಿಕೊಂಡರು. 1980ರಲ್ಲಿ ಮುಖ್ಯಮಂತ್ರಿಯಾದ ಗುಂಡೂರಾವ್ ಪಕ್ಕದ ಕುಶಾಲನಗರದವರು, ಸೋಮವಾರಪೇಟೆ ಕ್ಷೇತ್ರದವರು. ಆ ಕಾಲದಲ್ಲಿ ಇಲ್ಲಿನ ಜೀಪುಗಳು ಕಾಫಿ ಮೂಟೆಗಿಂತ ಹೆಚ್ಚು ಕಾರ್ಯಕರ್ತರನ್ನೇ ಹೊತ್ತಿರಬೇಕು.

ಬಣ್ಣ ಇನ್ನೊಂದು ಸಂಗತಿ. ಮೇಲೆ ಬ್ರಷ್ಷಿನಲ್ಲಿ ಬಳಿದ ಹಸಿರು, ಅದರಡಿ ಬಿಳಿ, ಅದರಡಿ ಬೂದು ಬೆರೆತ ನೀಲಿ. ಡ್ಯಾಶ್‌ಬೋರ್ಡಿನ ಹಿಂದೆ, ಯಾರ ಬ್ರಷ್ಷೂ ತಲುಪದ ಕಡೆ, ಆ ನೀಲಿಯೊಂದೇ ಇತ್ತು. ಮಿಲಿಟರಿ ಹಸಿರಿನ ಸುಳಿವಿಲ್ಲ. ಬಾನೆಟ್ ಸುಳ್ಳು ಹೇಳುತ್ತಿರಲಿಲ್ಲ.

ಇಷ್ಟರಲ್ಲಿ ಬೆಂಗಳೂರಿನಿಂದ ಒಬ್ಬರು ನೋಡಲು ಬಂದರು. ಹಳೇ ಜೀಪುಗಳ ಹುಚ್ಚು ಇರುವವರು, ಒಳ್ಳೆಯ ಮನುಷ್ಯ. ಮಾವ ಅಲ್ಲಿಯವರೆಗೆ ಹಾಕಿದ್ದ ದುಡ್ಡಿನ ಎರಡರಷ್ಟು ಕೊಡಲು ತಯಾರಿದ್ದರು. ಷರತ್ತು ಇಷ್ಟೆ: ಕೊಳೆತ ಬಾಡಿ ಪೂರ್ತಿ ಬಿಸಾಡಿ ಹರಿಯಾಣದ ಡಬ್ವಾಲಿಯಿಂದ ಹೊಸದನ್ನು ತರಿಸುವುದು. ಜೀಪಿನ ಬಾಡಿ, ಬಿಡಿಭಾಗಗಳಿಗೆ ದೇಶಕ್ಕೆಲ್ಲ ಹೆಸರಾದ ಊರು ಅದು. ತಗ್ಗು ಬಾನೆಟ್, ಒಂಬತ್ತು ಸೀಳಿನ ಗ್ರಿಲ್ಲೂ ಸಿಗುತ್ತದಂತೆ. ಆಲಿವ್ ಹಸಿರು ಹೊಡೆಸಿ ಮೇಲೊಂದು ಬಿಳಿ ನಕ್ಷತ್ರ ಬಿಡಿಸಿದರೆ ಆಯಿತು. ಅಜ್ಜ ಹೇಳುತ್ತಿದ್ದ ಜೀಪು ಹಾಗೆ ಕೊನೆಗೂ ತಯಾರಾಗುತ್ತಿತ್ತು. ಮಾವನಿಗೆ ಆಸೆಯಾದದ್ದು ದುಡ್ಡಿಗಷ್ಟೇ ಅಲ್ಲ ಎಂದು ನನಗನ್ನಿಸಿತು. 2018ರ ಆಗಸ್ಟಿನ ಮಳೆಯಲ್ಲಿ ಬಿರುಕುಬಿಟ್ಟ ಹಿಂದಿನ ಗೋಡೆಯನ್ನು ಇನ್ನೂ ಪೂರ್ತಿ ಕಟ್ಟಿಸಿಲ್ಲ, ದುಡ್ಡೂ ಬೇಕಿತ್ತು.

ಇನ್ನೊಂದು ದಾರಿ ಸರ್ಕಾರದ್ದು. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಮಾನ್ಯತೆ ಸಿಗುತ್ತದೆ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಸೇರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಷಾಸಿ, ಬಾಡಿ, ಇಂಜಿನ್ ಮಾರ್ಪಾಡಾಗದೆ ಮೂಲರೂಪದಲ್ಲೇ ಇರಬೇಕು. ನಮ್ಮ ಜೀಪಿನ ಹರಿಕೇನ್ ಪೆಟ್ರೋಲ್ ಇಂಜಿನ್ ಹೋಗಿ ಎಷ್ಟೋ ಕಾಲವಾಗಿತ್ತು. ಪೆಟ್ರೋಲ್ ತುಟ್ಟಿಯಾದ ಮೇಲೆ ಅಜ್ಜ ಡೀಸೆಲ್ ಇಂಜಿನ್ ಕೂರಿಸಿದ್ದರು, ಕೊಡಗಿನ ಅರ್ಧ ಜೀಪುಗಳಿಗೆ ಮಾಡಿಸಿದ ಹಾಗೆ. ಯಾವ ಇಂಜಿನ್ನಿಗಾಗಿ ಬಾನೆಟ್ ಎತ್ತರಿಸಿದ್ದರೋ ಆ ಇಂಜಿನ್ ಇಲ್ಲ, ಎತ್ತರ ಮಾತ್ರ ಉಳಿದಿದೆ. ನಿಯಮದ ಕಣ್ಣಿನಲ್ಲಿ ಇದು ವಿಂಟೇಜ್ ಅಲ್ಲ, ಬರೀ ಹಳೇ ಗಾಡಿ. ಓಡದೆ ಪೂಜೆ ಮಾಡಿಸಿಕೊಂಡು ಕೂತಿದ್ದರೆ ಅದಕ್ಕೆ ಮಾನ್ಯತೆ ಸಿಗುತ್ತಿತ್ತು. ಆದರೆ ದುಡಿದು ಬದುಕಿದ ಗಾಡಿಗೆ ಮೂಲರೂಪ ಎಲ್ಲಿಂದ ಬರಬೇಕು?

ನಾನು ಹಳಗನ್ನಡದ ಹಸ್ತಪ್ರತಿಗಳ ಮೇಲೆ ಸಂಶೋಧನೆ ಮಾಡುತ್ತಿರುವವಳು, ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ನನ್ನ ಮೇಜಿನಿಂದ ಕದಲುವುದಿಲ್ಲ. ಆದ್ದರಿಂದ ಈ ಮೂಲರೂಪದ ಮಾತು ನನ್ನನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಡಿತು ಅಂತ ಕಾಣುತ್ತದೆ. ನಾವೂ ಮೂಲವನ್ನೇ ಹುಡುಕುವವರು. ಲಿಪಿಕಾರರು ತಪ್ಪಿದ್ದು, ತಿದ್ದಿದ್ದು, ಸೇರಿಸಿದ್ದು ಎಲ್ಲವನ್ನೂ ದಾಟಿ ಕವಿ ಬರೆದದ್ದರ ಹತ್ತಿರಕ್ಕೆ ಹೋಗಬೇಕು. ಆದರೆ ಬಿಟ್ಟ ಪಾಠವನ್ನು ನಾವು ಬಿಸಾಡುವುದಿಲ್ಲ, ಪುಟದ ಅಡಿಯಲ್ಲಿ ಪಾಠಾಂತರವಾಗಿ ಕೊಡುತ್ತೇವೆ. ಸಂಪಾದಕ ತಪ್ಪು ಆರಿಸಿದ್ದರೆ ಮುಂದಿನವನು ಅಲ್ಲಿಂದ ಎತ್ತಿಕೊಳ್ಳಬಹುದು. ಓಲೆಗರಿ ಭಂಡಾರದಲ್ಲಿ ಇದ್ದೇ ಇರುತ್ತದೆ. ಜೀಪಿಗೆ ಅಡಿಟಿಪ್ಪಣಿ ಇಲ್ಲ. ಹೊಸ ತಳ ಬೆಸೆದ ಮೇಲೆ ಪೊಟ್ಯಾಷಿನ ತುಕ್ಕು ಗುಜರಿಗೆ ಹೋಯಿತು, ತೂತು ಮುಚ್ಚಿ ಪುಟ್ಟಿ ಹಚ್ಚಿದರೆ ಮೈಕೂ ಹೋಯಿತು. ಪುಸ್ತಕ ಅಚ್ಚಾದ ಮರುದಿನ ಪ್ರತಿಗಳನ್ನೆಲ್ಲ ಸುಟ್ಟ ಹಾಗೆ. ಇದನ್ನು ನಾನು ಮಾವನಿಗೆ ಹೇಳಿದೆ. ‘ಹಾಗಂತ ತೂತಿರುವ ತಳದಲ್ಲಿ ಕಾಲಿಟ್ಟು ಓಡಿಸಲಿಕ್ಕೆ ಆಗ್ತದಾ?’ ಅಂದರು. ಆಗುವುದಿಲ್ಲ. ಅದಕ್ಕೆ ನನ್ನಲ್ಲಿ ಉತ್ತರವೂ ಇರಲಿಲ್ಲ. ತೆಗೆಯುವ ಪ್ರತಿಯೊಂದನ್ನೂ ಮೊದಲು ಫೋಟೋ ತೆಗೆದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದೆ.

ಇಂಜಿನ್ನಿನದು ಅಂಥ ದೊಡ್ಡ ಕಥೆಯಲ್ಲ. ಜಾಮ್ ಆಗಿತ್ತು. ಇಂಜೆಕ್ಟರ್ ಬಿಚ್ಚಿ ಸಿಲಿಂಡರಿಗೆ ಡೀಸೆಲ್, ಆಯಿಲ್ ಬೆರೆಸಿ ಹೊಯ್ದು ಕಾಕ ಒಂಬತ್ತು ದಿನ ಕಾದರು. ಹತ್ತನೇ ದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಎಳೆದಾಗ ಕೂದಲೆಳೆಯಷ್ಟು ಅಲುಗಿತು. ಪಂಪನ್ನು ಮೈಸೂರಿಗೆ ಕಳಿಸಿದೆವು. ಉಳಿದದ್ದು ದುಡ್ಡಿನ ಕೆಲಸ.

ಅಜ್ಜನ ಮಾತು ಸುಳ್ಳಾದದ್ದನ್ನು ಅಜ್ಜಿಗೆ ಯಾರು ಹೇಳುವುದು ಎಂದು ನಾನೂ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ದಿನ ದೂಡುತ್ತಿದ್ದೆವು. ಅಷ್ಟರಲ್ಲಿ ಸ್ಟೆಪ್ನಿ ಕಳಚಿದ ಕಾಕ ಕೂಗಿ ಕರೆದರು. ಉಳಿದ ನಾಲ್ಕು ಚಕ್ರಗಳ ರಿಮ್ ಒಂದೇ ತುಂಡಿನದು, ಇದು ಎರಡು ಹೋಳು, ಎಂಟು ನಟ್ಟುಗಳಿಂದ ಬಿಗಿದದ್ದು. ಯುದ್ಧಕಾಲದ ಜೀಪುಗಳಿಗೆ ಹಾಕುತ್ತಿದ್ದ ಕಾಂಬ್ಯಾಟ್ ರಿಮ್. ದೊಡ್ಡ ಹತಾರಗಳಿಲ್ಲದ ಜಾಗದಲ್ಲೂ ರಿಮ್ಮಿನಿಂದ ಟೈರ್ ಬಿಚ್ಚಲು ಬರುವಂಥದ್ದು. ಐದು ಬೋಲ್ಟಿನ ಅಳತೆ ಎರಡಕ್ಕೂ ಒಂದೇ ಆದ್ದರಿಂದ ನಮ್ಮ ಜೀಪಿಗೂ ಹೊಂದಿಕೊಂಡಿತ್ತು.

ಅಜ್ಜಿ ಜಗಲಿಯಲ್ಲಿ ಕೂತು ಮೆಣಸು ಆರಿಸುತ್ತಿದ್ದರು. ನಾನು ಬಾನೆಟ್ಟಿನ ವಿಷಯ ಎತ್ತಿದೆ, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ.

‘ಇದು ಬರ್ಮಾದ್ದಲ್ಲ ಮಗಾ’ ಅಂದರು, ಮೊರದಿಂದ ತಲೆ ಎತ್ತದೆ. ‘ಬರ್ಮಾದ್ದು ಮೊದಲಿನದ್ದು. ನಾನು ಮದುವೆಯಾಗಿ ಬಂದದ್ದು ಅದರಲ್ಲೇ. ಅದು ಕೆಟ್ಟು ಗುಜರಿಗೆ ಹೋಯ್ತು. ಚಕ್ರ ಒಂದು ಇಟ್ಟುಕೊಂಡರು.’

‘ಮತ್ತೆ ಅಜ್ಜ ಇದನ್ನೇ ಬರ್ಮಾದ ಜೀಪು ಅಂತಿದ್ದರಲ್ಲ?’

‘ಚಕ್ರ ಅದರದ್ದೇ ಅಲ್ವಾ’ ಅಂದರು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲ ಎಂದುಬಿಟ್ಟರು. ಅಜ್ಜಿಯ ಮಾತಿಗೆ ಆ ರಿಮ್ ಬಿಟ್ಟರೆ ಬೇರೆ ಆಧಾರವಿಲ್ಲ. ಆ ಮೊದಲ ಜೀಪು ಬರ್ಮಾಕ್ಕೇ ಹೋಗಿತ್ತು ಎಂಬುದಕ್ಕಂತೂ ಅದೂ ಇಲ್ಲ. ಯುದ್ಧಕಾಲದಲ್ಲಿ ವಿಲ್ಲಿಸ್, ಫೋರ್ಡ್ ಎರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು, ಒಂದು ರಿಮ್ ಯಾವುದರದ್ದೂ ಆಗಿರಬಹುದು. ನನ್ನ ಪ್ರಬಂಧದಲ್ಲಿ ಇಂಥ ಸಾಕ್ಷಿ ಕೊಟ್ಟರೆ ಮಾರ್ಗದರ್ಶಕರು ಕೆಂಪು ಗೆರೆ ಎಳೆಯುತ್ತಾರೆ. ನೋಟ್‌ಬುಕ್ಕಿನಲ್ಲಿ ಮಾತ್ರ ಅಜ್ಜಿ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ.

ಬೆಂಗಳೂರಿನವರಿಗೆ ಮಾವ ಫೋನ್ ಮಾಡಿ ಕೊಡುವುದಿಲ್ಲ ಎಂದರು. ತಳ ಹೊಸದಾಯಿತು, ಬಣ್ಣ ಹಸಿರೇ ಇರಲಿ ಎಂದಾಯಿತು, ನಾವೆಲ್ಲ ಕಂಡ ಬಣ್ಣ ಅದು. ಡ್ಯಾಶ್‌ಬೋರ್ಡಿನ ಹಿಂದಿನ ನೀಲಿಯನ್ನು ಮುಟ್ಟಲಿಲ್ಲ. ಮೈಕಿನ ತೂತುಗಳ ಬಗ್ಗೆ ಒಂದು ಸಂಜೆ ಪೂರ್ತಿ ವಾದ ನಡೆದು, ಮಳೆನೀರು ಇಳಿಯದಂತೆ ರಬ್ಬರ್ ಬಿರಡೆ ಹಾಕಿದರು.

ಸ್ಟೆಪ್ನಿಯ ಟೈರ್ ಒಣಗಿ ಬಿರಿದಿತ್ತು, ಬದಲಿಸಲೇಬೇಕು. ಕಾಕ ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟರು. ಗಾಳಿ ಇರುವಾಗ ಈ ರಿಮ್ಮಿನ ನಟ್ ಸಡಿಲಿಸಿದರೆ ಎರಡು ಹೋಳು ಸಿಡಿದು ಆಳನ್ನೇ ತೆಗೆಯುತ್ತವೆ ಎಂದು ನನ್ನನ್ನು ದೂರ ನಿಲ್ಲಿಸಿದರು. ಎಂಟು ನಟ್ಟುಗಳಲ್ಲಿ ಮೂರನ್ನು ಗ್ಯಾಸಿನಲ್ಲಿ ಕಾಯಿಸಬೇಕಾಯಿತು. ಹೋಳುಗಳು ಬೇರೆಯಾದಾಗ ಒಂದಕ್ಕೊಂದು ಕಚ್ಚಿಕೊಂಡಿದ್ದ ಜಾಗದಲ್ಲಿ, ನೀರೂ ಬೆಳಕೂ ಹೋಗದ ಎರಡು ಬೆರಳಗಲದ ಉಂಗುರದಲ್ಲಿ, ಆಲಿವ್ ಹಸಿರು ಮಾಸದೆ ಕೂತಿತ್ತು. ಮಾವ ಅದನ್ನು ಒರೆಸಿ ಅಜ್ಜಿಗೆ ತೋರಿಸಿಕೊಂಡು ಬಂದರು. ಪೇಂಟರ್ ಬಂದ ದಿನ ಆ ಎರಡು ಹೋಳುಗಳನ್ನು ಮಾತ್ರ ಕೊಡಲಿಲ್ಲ.