ನಿನ್ನೆಯ ಚುಕ್ಕೆ

ಕ್ಷುದ್ರಗ್ರಹವನ್ನು ಅರಸಹೊರಟವನಿಗೆ ಮೊದಲ ದಿನ ದೊರಕುವುದು ಸಂದೇಹವೊಂದೇ. ಅದಕ್ಕೆ ಧೂಮಕೇತುವಿನ ಬಾಲವಿಲ್ಲ, ಶನಿಯ ಬಳೆಯಿಲ್ಲ. ನಕ್ಷತ್ರಗಳ ನಡುವೆ ಅದೂ ಒಂದು ಚುಕ್ಕೆ.

2021ರ ಮಾರ್ಚ್ ತಿಂಗಳ ಒಂದು ಸಂಜೆ ಬೆಂಗಳೂರಿನ ಮನೆಯೊಂದರ ತಾರಸಿಯ ಮೇಲೆ ನಿವೃತ್ತ ಉಪಾಧ್ಯಾಯರೊಬ್ಬರು ದುರ್ಬೀನು ಹಿಡಿದು ನಿಂತಿದ್ದರು. ಸಿಂಹರಾಶಿಯಲ್ಲಿ, ಪೂರ್ವಫಲ್ಗುಣಿಯ ಸಮೀಪದಲ್ಲಿ, ವೆಸ್ಟಾ ಇರಬೇಕಾಗಿತ್ತು. ಮಂಗಳ-ಗುರುಗಳ ಕಕ್ಷೆಗಳ ನಡುವೆ ಸುತ್ತುವ, ಸುಮಾರು 525 ಕಿಲೋಮೀಟರ್ ಅಡ್ಡಳತೆಯ ಬಂಡೆಯದು. ತನ್ನ ಬಳಗದಲ್ಲೆಲ್ಲ ಹೆಚ್ಚು ಹೊಳಪುಳ್ಳದ್ದು. ಆದರೆ ತಾತನವರ ಕಣ್ಣಿಗೆ ಪೊರೆ ಬಂದಿತ್ತು. ಒಂದು ಚುಕ್ಕೆ ಎರಡಾಗಿ ತೋರುತ್ತಿತ್ತು.

“ನೀನು ನೋಡಮ್ಮ. ಕಂಡಷ್ಟನ್ನೂ ಬರೆದಿಡು” ಎಂದು ದುರ್ಬೀನನ್ನು ಮೊಮ್ಮಗಳ ಕೈಗಿತ್ತರು. ಆಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಏಳು ಚುಕ್ಕೆಗಳನ್ನಿಟ್ಟಳು.

“ಇದರಲ್ಲಿ ಯಾವುದು, ತಾತ?”

“ಯಾವುದು ಕದಲುವುದೋ ಅದು.”

ಮರುದಿನ ಮೋಡ ಮುಸುಕಿತು. ಮುಖ ಬಾಡಿದ ಹುಡುಗಿಗೆ ತಾತನವರು ಪಿಯಾಟ್ಸಿಯ ಕಥೆ ಹೇಳಿದರು. 1801ರ ಜನವರಿ 1ರ ಸಂಜೆ ಸಿಸಿಲಿ ದ್ವೀಪದ ಪಾಲೆರ್ಮೋ ನಗರದಲ್ಲಿ, ನಕ್ಷತ್ರಗಳ ಪಟ್ಟಿ ತಯಾರಿಸುತ್ತಿದ್ದ ಆ ಪಾದ್ರಿ ವೃಷಭರಾಶಿಯಲ್ಲೊಂದು ಅಪರಿಚಿತ ಚುಕ್ಕೆಯನ್ನು ಕಂಡ. ಮರುಸಂಜೆ ಅದು ಸ್ಥಳ ಬದಲಿಸಿತ್ತು. ಅದೇ ಸಿರಿಸ್, ಮೊಟ್ಟಮೊದಲು ಕಂಡ ಕ್ಷುದ್ರಗ್ರಹ. ಫೆಬ್ರವರಿ 11ರವರೆಗೆ ಅಳೆದ. ನಡುವೆ ಕಾಯಿಲೆ ಬಿದ್ದ. ಅಷ್ಟರಲ್ಲಿ ಚುಕ್ಕೆ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಇಪ್ಪತ್ತನಾಲ್ಕರ ತರುಣ ಗೌಸ್ ಆ ಕೆಲವೇ ಅಳತೆಗಳಿಂದ ಅದರ ಹಾದಿಯನ್ನು ಗಣಿಸಿದ. ವರ್ಷದ ಕೊನೆಯ ದಿನ ಜರ್ಮನಿಯಲ್ಲಿ ಫಾನ್ ಜಾಕ್ ಅದನ್ನು ಮತ್ತೆ ಕಂಡ. ಮರುದಿನ ಕಂಡ ಓಲ್ಬರ್ಸನೇ 1807ರಲ್ಲಿ ವೆಸ್ಟಾವನ್ನೂ ಕಂಡುಹಿಡಿದ.

“ಪಿಯಾಟ್ಸಿ ಬರೆದಿಡದೆ ಹೋಗಿದ್ದರೆ?” ಎಂದಳು ಹುಡುಗಿ. ತಾತನವರು ನಕ್ಕರು.

ಮೂರನೆಯ ಸಂಜೆ ಆಕಾಶ ತಿಳಿಯಾಯಿತು. ವೆಸ್ಟಾ ಆಗ ದಿನಕ್ಕೆ ಪೂರ್ಣಚಂದ್ರನ ಅಗಲದ ಸುಮಾರು ಅರ್ಧದಷ್ಟು ಸರಿಯುತ್ತಿತ್ತು. ಹುಡುಗಿ ಹಳೆಯ ಚಿತ್ರದ ಪಕ್ಕದಲ್ಲಿ ಹೊಸದನ್ನು ಬರೆದಳು. ಆರು ಚುಕ್ಕೆಗಳು ಇದ್ದಲ್ಲಿಯೇ ಇದ್ದವು. “ತಾತಾ, ಇದು ನಡೆದಿದೆ!”

ತಾತನವರು ದುರ್ಬೀನನ್ನು ಕಣ್ಣಿಗಿಟ್ಟು, ತುಸು ಹೊತ್ತು ನೋಡಿ, ಸುಮ್ಮನೆ ಕೆಳಗಿಳಿಸಿದರು. ಪುಸ್ತಕವನ್ನು ಟಾರ್ಚಿನ ಬೆಳಕಿಗೆ ಹಿಡಿದರು. ಆಕಾಶದಲ್ಲಿ ಕಾಣದ ನಡಿಗೆ ಹಾಳೆಯ ಮೇಲೆ ಸ್ಪಷ್ಟವಾಗಿತ್ತು. ಕೆಳಗೆ ತಾರೀಖು ಬರೆದು, “ಕಂಡವರು” ಎಂದು ಸೇರಿಸಿ, ಪೆನ್ಸಿಲನ್ನು ಮೊಮ್ಮಗಳ ಕಡೆಗೆ ನೀಡಿದರು.